ಮೂರು ಸಲವೂ ಅದೇ ಗರ

ಕರಕರ, ಕರಕರ, ಆಮೇಲೆ ಒಂದು ಸಣ್ಣ ಠಣ್. ಹಿತ್ತಾಳೆಯ ಎರಡು ಉದ್ದ ದಾಳಗಳನ್ನು ಅಂಗೈಗಳ ನಡುವೆ ತಿಕ್ಕಿ ಬೀಬಿಜಾನ್ ಉರುಳಿಸುತ್ತಿದ್ದ ಸದ್ದು. ಹೋದ ಬೇಸಿಗೆಯ ಶುಕ್ರವಾರಗಳೆಲ್ಲ ನನ್ನ ಪಾಲಿಗೆ ಈಗ ಬರೀ ಆ ಸದ್ದು.

ಬೀಬಿಜಾನ್ ನವಲಗುಂದದಲ್ಲಿ ನನ್ನ ಬಾಜು ಮನೆಯಾಕೆ. ಜಮಖಾನ ನೇಯ್ದೇ ಮುದುಕಿಯಾದವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಪಗಡೆಯ ಹಾಸು ನೇಯ್ದವಳೂ ಅವಳೇ, ಅದರ ಮೇಲೆ ನನ್ನನ್ನು ಸೋಲಿಸುತ್ತಿದ್ದವಳೂ ಅವಳೇ. (ಕಾನ್ವೆಂಟಿನಲ್ಲಿ ನಮಗೆ ಕಸೂತಿ ಕಲಿಸಿದರು, ದಾಳ ಮುಟ್ಟಿದರೆ ಪಾಪ ಅಂದರು. ಸೋಲಿಗೆ ನನ್ನ ನೆಪ ಅದು.)

ಅಂಥ ಒಂದು ಶುಕ್ರವಾರ ಅವಳ ಮೊಮ್ಮಗಳು ಶಾಹೀನ್ ಲ್ಯಾಪ್‌ಟಾಪ್ ಹಿಡಿದು ಬಂದಳು. ಎಂ.ಎಸ್ಸಿ. ಫಿಸಿಕ್ಸ್, ಕೊನೆಯ ವರ್ಷ. ಸೋಮವಾರ ಪ್ರಾಜೆಕ್ಟ್ ವೈವಾ. ಅದು ಕೆಟ್ಟರೆ ಮುಂದೆ ರಿಸರ್ಚಿನ ಕನಸು ಅಲ್ಲಿಗೇ ಮುಗಿಯಿತು. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ಬಾಯಾರು ನಾನು, ಹಾಗಾಗಿ ರಿಪೋರ್ಟಿನ ಇಂಗ್ಲಿಷ್ ತಿದ್ದುವ ಕೆಲಸ ನನ್ನದು.

ನಾನು ಕಾಮಾ ಹಾಕುತ್ತ ಕೂತೆ. ಬೀಬಿಜಾನ್ ಸ್ಕ್ರೀನಿಗೆ ಇಣುಕಿದಳು.

"ಏನದು ಬೇಟಿ?"

"ಅಣುಭಟ್ಟಿ, ದಾದಿ. ಕಂಪ್ಯೂಟರ್‌ನ್ಯಾಗ ಮಾಡೀನಿ."

"ಮೊದಲ ಮನ್ಯಾಗಿನ ಒಲಿ ಹಚ್ಚಾಕ ಕಲಿ ಪೋರಿ."

ಶಾಹೀನ್ ನಕ್ಕು ವಿವರಿಸಿದಳು. ಯುರೇನಿಯಂನೊಳಗೆ ಒಂದು ನ್ಯೂಟ್ರಾನ್ ಹೊರಟಿತು ಅನ್ನಿ. ಅದು ಪುಟಿದು ಹೋಗುತ್ತದೋ, ಎಲ್ಲೋ ಸಿಕ್ಕಿಕೊಂಡು ಮುಗಿಯುತ್ತದೋ, ಇಲ್ಲ ಅಣುವಿನ ಬೀಜವನ್ನೇ ಒಡೆದು ಎರಡು ಮೂರು ಹೊಸ ನ್ಯೂಟ್ರಾನ್ ಹುಟ್ಟಿಸುತ್ತದೋ? ಮೊದಲೇ ಹೇಳಲು ಬರುವುದಿಲ್ಲ. ಅದಕ್ಕೇ ಸಾಫ್ಟ್‌ವೇರ್ ಹೆಜ್ಜೆ ಹೆಜ್ಜೆಗೂ ದಾಳ ಉರುಳಿಸುತ್ತದೆ. ಲಕ್ಷಾಂತರ ನ್ಯೂಟ್ರಾನ್, ಒಂದೊಂದಕ್ಕೂ ಬೇರೆ ದಾಳ. ಭಟ್ಟಿ ಉರಿಯುತ್ತಿರುತ್ತದೋ ಆರುತ್ತದೋ ಎಂಬುದು ಕೊನೆಗೆ ಒಂದೇ ಸಂಖ್ಯೆಯಾಗಿ ಹೊರಬೀಳುತ್ತದೆ.

ನನಗೆ ಮೈ ಜುಂ ಅಂದಿತು. ಲಕ್ಷ ಹಣೆಬರಹಗಳು, ನನ್ನ ಬಿಸ್ಕೀಟಿನ ಡಬ್ಬಿಯ ಪಕ್ಕದಲ್ಲಿ.

"ನನ್ನ ಲೆಕ್ಕ ಎಷ್ಟ ಗಟ್ಟಿ ಐತಿ ನೋಡ್ರಿ ಬಾಯಾರ," ಶಾಹೀನ್ ಹೆಮ್ಮೆಯಿಂದ ಪುಟ ತಿರುವಿದಳು. "ಮೂರು ಸಲ ಓಡಿಸೀನಿ. ಮೂರೂ ಸಲ ಅದ ಉತ್ತರ, ಕಡೀ ಅಂಕಿ ತನಕ."

ವೆರಿ ಗುಡ್ ಅಂದೆ. ಮತ್ತೊಂದು ಕಾಮಾ ಹಾಕಿದೆ.

ಬೀಬಿಜಾನ್ ಕೈಯಲ್ಲಿನ ದಾಳ ಕೆಳಗಿಟ್ಟಳು. "ಲಕ್ಷ ಸಲ ಒಗದಿ. ಮೂರೂ ಆಟದಾಗ ಅವ ಗರ ಬಿದ್ವು?"

"ಹೌದು ದಾದಿ."

"ಹಂಗಾರ ಯಾರೋ ಮೋಸ ಮಾಡ್ಯಾರ. ಈ ಬಾಯಾರ ಜೋಡಿ ಇಷ್ಟ ವರ್ಷ ಆಡೀನಿ. ಪ್ರತಿ ಸಲ ಅವರ ಸೋಲ್ತಾರ, ಅದು ಬ್ಯಾರೆ ಮಾತು. ಆದ್ರ ಗರ ಎಲ್ಲೆ ಒಂದ ಇರ್ತಾವ?"

ಶಾಹೀನ್ ಗಡಬಡಿಸಿ ಪ್ರೋಗ್ರಾಂ ತೆರೆದು ನೋಡಿದಳು. ಕಂಪ್ಯೂಟರಿಗೆ ಆಟ ಶುರುಮಾಡಲು ಒಂದು ಅಂಕಿ ಕೊಡಬೇಕಂತೆ. ಅದನ್ನು ಬದಲಿಸದಿದ್ದರೆ ಅದು ಹಳೆಯ ಆಟವನ್ನೇ, ಅದೇ ಗರಗಳೊಂದಿಗೆ, ಮತ್ತೆ ಆಡುತ್ತದೆ. ಹುಡುಗಿ ಬದಲಿಸಿರಲಿಲ್ಲ. ಮೂರು ಸಾಕ್ಷಿ ಅಂತ ಬರೆದಿದ್ದಳಲ್ಲ, ಅದು ಒಂದೇ ಸಾಕ್ಷಿಯ ಮೂರು ಜೆರಾಕ್ಸ್.

ಅಂಕಿ ಬದಲಿಸಿ ಮತ್ತೆ ಮೂರು ಸಲ ಓಡಿಸಿದಳು. ಸಂಜೆಯ ಆಜಾನ್ ಆಗುವ ಹೊತ್ತಿಗೆ ಮೂರು ಉತ್ತರ ಬಂದವು. ಮೂರೂ ಬೇರೆ. ಆದರೆ ತೀರಾ ಹತ್ತಿರ ಹತ್ತಿರ, ಒಂದೇ ಚಾದರದಡಿ ಮಲಗಿದ ಅಕ್ಕತಂಗಿಯರ ಹಾಗೆ.

"ಈಗ ಖರೇ ಆತು," ಅಂದಳು ಬೀಬಿಜಾನ್.

ಒಂದೊಂದು ಕಣವೂ ತನ್ನ ಮನಸ್ಸಿಗೆ ಬಂದ ಕಡೆ ಹೋಗುತ್ತದೆ. ಲಕ್ಷ ಕಣ ಕೂಡಿದರೆ ಮಾತ್ರ ಎಲ್ಲ ಸೇರಿ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಕಾನ್ವೆಂಟಿನ ಚಾಪೆಲ್‌ನಲ್ಲಿ ಮಂಡಿಯೂರಿದಾಗಲೂ ನನಗೆ ಇಷ್ಟು ಬೆರಗಾಗಿರಲಿಲ್ಲ.

ವೈವಾದಲ್ಲಿ ಪರೀಕ್ಷಕರು ಮೊದಲು ಕೇಳಿದ್ದೇ ಆ ಮೂರು ಉತ್ತರಗಳ ಬಗ್ಗೆಯಂತೆ. ಶಾಹೀನ್ ಪಾಸಾದಳು.

ಬೀಬಿಜಾನಳನ್ನು ನಾನು ಕೊನೆಯ ಸಲ ನೋಡಿದ್ದು ಅದರ ಮುಂದಿನ ಶುಕ್ರವಾರ. ಆಟ ಮುಗಿಸಿ (ಗೆದ್ದದ್ದು ಅವಳೇ) ಹೊರಟವಳು ಹೊಸ್ತಿಲಲ್ಲಿ ತಿರುಗಿ ನಿಂತಳು. "ಕಂಪ್ಯೂಟರ್‌ನ್ಯಾಗ ದಾಳ ಒಗಿಯಾಕ ನಮ್ಮ ಪೋರಿ ಅದಾಳ. ಖರೇ ಭಟ್ಟಿಯೊಳಗ ಯಾರ್ ಒಗೀತಾರ್ರಿ ಬಾಯಾರ?"

ಮುಂದಿನ ವಾರ ಓದಿ ಹೇಳ್ತೀನಿ ಅಂದೆ. ಆ ವಾರ ಅವಳಿಗೆ ಬರಲಿಲ್ಲ.

ಎಷ್ಟೋ ಪುಸ್ತಕ ತೆಗೆದು ನೋಡಿದೆ. ನಿಮ್ಮಲ್ಲಿ ಯಾರಿಗಾದರೂ ಗೊತ್ತೇನ್ರಿ?