ಗಾದಿಲಿಂಗಪ್ಪನ ಕ್ಯಾಮೆರಾ ಜೇಬು

ಸೋಮವಾರ, ಬೆಳಿಗ್ಗೆ ಏಳು ಗಂಟೆ, ನಮ್ಮ ಮನೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಪದ್ಮಾ, ಕೌಲ್ ಬಜಾರಿನ ಟೇಲರ್ ಗಾದಿಲಿಂಗಪ್ಪನ ಮಗಳು ಮಂಜುಳಾ. ಗಾದಿಲಿಂಗಪ್ಪ ತೀರಿಕೊಂಡು ಎಂಟು ದಿನವಾಗಿತ್ತು. ಮಂಜುಳಾ ಅಪ್ಪನ ಅಂಗಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಆ ಅಂಗಿಯ ಎಡ ಎದೆಯ ಒಳಗಡೆ, ಹೊರಗೆ ಕಾಣದಂತೆ, ಅಂಗೈ ಅಗಲದ ಒಂದು ಜೇಬಿತ್ತು. ಕ್ಯಾಮೆರಾ ಕೊಂಡ ಮೇಲೆ ಅವನು ತನಗಾಗಿ ಹೊಲಿದುಕೊಂಡ ಪ್ರತಿ ಅಂಗಿಗೂ ಆ ಜೇಬು ಇರುತ್ತಿತ್ತು.

"ಕ್ಯಾಮೆರಾ ಪೂರಾ ನೋಡಿದೆವ್ರಿ ಸರ," ಎಂದಳು. "ಊರ ಮಂದೀದೆಲ್ಲ ಐತಿ, ಅಪ್ಪಂದು ಒಂದೂ ಇಲ್ಲ. ಆಧಾರ್ ಕಾರ್ಡಿಂದು ಐತಿ, ಅದರಾಗ ಬ್ಯಾರೆ ಯಾರೋ ಕುಂತಂಗ ಅದಾರ. ಗುರುವಾರ ಪೂಜಿಗಿ ಇಡಾಕ ಒಂದು ಬೇಕಿತ್ರಿ. ನೀವು ಹನ್ನೊಂದು ವರ್ಷ ಜೋಡಿ ತಿರುಗೀರಿ. ನಿಮ್ಮ ದೊಡ್ಡ ಕ್ಯಾಮೆರಾದಾಗ ಒಂದಾರ ಇರಬೇಕಲ್ರಿ?"

ಒಂದಿತ್ತು. ಅದು ಇದೆಯೆಂದು ನನ್ನ ಹೊರತು ಯಾರಿಗೂ ಗೊತ್ತಿಲ್ಲವೆಂದು ನಾನು ನಂಬಿದ್ದೆ.

"ಸಂಜಿ ಐದಕ್ಕ ಅಂಗಡಿಗಿ ತಂದು ಕೊಡ್ತೀನಿ," ಎಂದೆ.

ನಾನು ಮೂವತ್ತೆರಡು ವರ್ಷ ಡ್ರಿಲ್ ಮಾಸ್ತರನಾಗಿದ್ದವನು. ನಮ್ಮ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದವನು ಗಾದಿಲಿಂಗಪ್ಪ. ಪ್ರತಿ ಜೂನಿನಲ್ಲಿ ಅಳತೆಗೆ ಬರುತ್ತಿದ್ದ. ನಾನು ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ಸಾವಧಾನ ನಿಲ್ಲಿಸಿಟ್ಟರೆ, ಅವನು ಬಂದು ಒಬ್ಬೊಬ್ಬರನ್ನೇ ಮಾತಿಗೆಳೆದು ಸಾಲು ಕೆಡಿಸುತ್ತಿದ್ದ. "ಮುಂಜಾನಿ ಏನ್ ತಿಂದೀಲೇ? ಒಗ್ಗರಣಿ ಮಂಡಕ್ಕೀನಾ? ಮೆಣಸಿನಕಾಯಿ ಎಷ್ಟು ತಿಂದಿ?" ಹುಡುಗ ಲೆಕ್ಕ ಹೇಳುವಷ್ಟರಲ್ಲಿ ಟೇಪು ಎದೆ, ಹೆಗಲು, ತೋಳು ಸುತ್ತಿ ಬಂದಿರುತ್ತಿತ್ತು. ಒಮ್ಮೆ ಗದರಿಸಿದೆ. ಅವನು ಹೇಳಿದ: "ಸಾವಧಾನ ನಿಂತೋರ ಅಳತಿ ತಗಂಡ್ರ ಬಗಲಾಗ ಬಿಗಿ ಆಗತೈತ್ರಿ ಸರ. ಹೆಗಲು ಇಳೀಬೇಕು. ಅದಕ್ಕ ಮಾತು ಹಚ್ತೀನಿ."

ನಿವೃತ್ತನಾದಾಗ ಒಂದು ಡಿಜಿಟಲ್ ಕ್ಯಾಮೆರಾ ಕೊಳ್ಳಬೇಕೆಂದು ನಿಶ್ಚಯಿಸಿದೆ. ಎರಡು ತಿಂಗಳು ಅದರ ಬಗ್ಗೆ ಓದಿ, ಕೇಳಿ ತಿಳಿದುಕೊಂಡೆ. ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಮೆಗಾಪಿಕ್ಸೆಲ್, ಜೂಮ್, ಲೆನ್ಸು, ವಾರಂಟಿ ಎಂದು ಬರೆದು, ಹದಿನಾಲ್ಕು ಕ್ಯಾಮೆರಾಗಳಿಗೆ ಅಂಕ ಕೊಟ್ಟೆ. ಬ್ರೂಸ್‌ಪೇಟೆಯ ಅಂಗಡಿಗೆ ಹೊರಟ ದಿನ ಗಾದಿಲಿಂಗಪ್ಪ ದಾರಿಯಲ್ಲಿ ಸಿಕ್ಕಿ, ತನಗೂ ಒಂದು ಬೇಕೆಂದು ಜೊತೆಗೆ ಬಂದ. "ಹೊಲಿದ ಬಟ್ಟಿ ಮಂದಿ ಮೈಮ್ಯಾಲ ಹೋಗೇ ಬಿಡತಾವ ಸರ. ಹೆಂಗ ಕಾಣತಾವ ಅಂತ ಒಂದು ನೆನಪು ಇರಲಿ."

ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕ್ಯಾಮೆರಾಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಕಣ್ಣು ಮುಚ್ಚಿ, ಕತ್ತರಿ ಆಡಿಸುವವನಂತೆ ಹೆಬ್ಬೆರಳು ಆಡಿಸಿದ. ಮೂರನೆಯದು ಸಣ್ಣದು. "ಇದು ಸಾಕ್ರಿ. ಕೈ ನೋಯಂಗಿಲ್ಲ."

ಅಂಗಡಿಯವನು ಪ್ರಾಮಾಣಿಕ. "ಅದರಾಗ ಮೆಗಾಪಿಕ್ಸೆಲ್ ಕಡಿಮಿ ಅದಾವ ನೋಡ್ರಿ ಯಜಮಾನ್ರ," ಎಂದ.

"ನನ್ನ ಕತ್ರಿಗೂ ಇಲ್ರಿ ಅವು."

ನಾನು ನೋಟ್‌ಬುಕ್ಕಿನಲ್ಲಿ ಮೊದಲ ಸ್ಥಾನ ಪಡೆದದ್ದನ್ನೇ ಕೊಂಡೆ. ದೊಡ್ಡದು, ಎರಡು ಲೆನ್ಸಿನದು. ಗುಂಡಿಗಳನ್ನು ಸರಿಮಾಡಿ ಕಣ್ಣಿಗಿಡುವಷ್ಟರಲ್ಲಿ ಕೊಂಬೆಯ ಮೇಲಿನ ಹಕ್ಕಿ ಹಾರಿಹೋಗಿರುತ್ತಿತ್ತು. ವಾರದೊಳಗೆ ಅವನು ನನ್ನ ಕ್ಯಾಮೆರಾಕ್ಕೊಂದು ಕ್ಯಾನ್ವಾಸ್ ಚೀಲ ಹೊಲಿದು ತಂದ. ಅಳತೆ ತೆಗೆದಿರಲೇ ಇಲ್ಲ. ಕಣ್ಣಂದಾಜಿನಲ್ಲೇ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

ಪದ್ಮಾಳ ತವರು ಕುರುಗೋಡು. ಒಂದು ಭಾನುವಾರ ಮೂವರೂ ಹೋಗಿದ್ದೆವು. ಅವಳು ಅಂಗಳದಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಹಿಂದೆ ಗುಡ್ಡ, ಒಳ್ಳೆಯ ಬೆಳಕು. ನಾನು ಅವಳನ್ನು ಎಬ್ಬಿಸಿ ನಿಲ್ಲಿಸಿ, ಸೆರಗು ಸರಿಮಾಡಿಸಿ, ಒಂದು ಎರಡು ಮೂರು ಹೇಳಿ ಹನ್ನೆರಡು ಫೋಟೋ ತೆಗೆದೆ. ಅವಳು ಮತ್ತೆ ಕುಳಿತ ಮೇಲೆ ಗಾದಿಲಿಂಗಪ್ಪ ಕೇಳಿದ: "ಅಕ್ಕಾರ, ಖಾರ ಹೆಂಗೈತ್ರಿ ಈ ಸಲ?" ಅವಳು ತಲೆಯೆತ್ತಿದಳು. ಜೇಬಿನಿಂದ ಕ್ಯಾಮೆರಾ ಹಿಡಿದ ಕೈ ಬಂತು, ಹೋಯಿತು. ಅಷ್ಟೇ.

ಆ ಫೋಟೋಕ್ಕೆ ಪದ್ಮಾ ತಾನೇ ಹೋಗಿ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದಳು.

"ನನ್ನವು ಹನ್ನೆರಡು ಅದಾವಲ್ಲ," ಎಂದೆ.

"ನಿಮ್ಮ ಫೋಟೋದಾಗ ಹಾಲ್ ಟಿಕೀಟಿನ ಮ್ಯಾಲ ಇದ್ದಂಗ ಅದೀನಿ. ಇದರಾಗ ನಾ ನನ್ನಂಗ ಅದೀನಿ ನೋಡ್ರಿ."

ಮೂವತ್ತೆಂಟು ವರ್ಷ ಸಂಸಾರ ಮಾಡಿದ್ದು ನಾನು. ದಿನವೂ ಊಟಕ್ಕೆ ಕೂತಾಗ ಎದುರಿಗೆ ಅವನು ತೆಗೆದ ಫೋಟೋ. ನಾನು ಜಾಗ ಬದಲಿಸಿ ಗೋಡೆಗೆ ಬೆನ್ನು ಮಾಡಿ ಕೂರತೊಡಗಿದೆ.

ಮುಂದಿನ ತಿಂಗಳು ಸಿರುಗುಪ್ಪದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಸೇರಿದ್ದರು. ನಲವತ್ತು ಜನರನ್ನು ಎತ್ತರದ ಪ್ರಕಾರ ನಿಲ್ಲಿಸಲು ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷದಲ್ಲೇ, ಜೊತೆಗೆ ಬಂದಿದ್ದ ಗಾದಿಲಿಂಗಪ್ಪ ತನ್ನ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆದಿದ್ದ. ಅದರಲ್ಲಿ ನಾನು ಸೀಟಿ ಕಚ್ಚಿಕೊಂಡು ಕೈ ಬೀಸುತ್ತಿದ್ದೇನೆ, ನಲವತ್ತು ಜನ ಹೊಟ್ಟೆ ಹಿಡಿದು ನಗುತ್ತಿದ್ದಾರೆ. ಎಲ್ಲರೂ ಅದನ್ನೇ ಕೇಳಿದರು. ನನ್ನದನ್ನು ಕೇಳಿದವರು ಇಬ್ಬರು, ಅದೂ ಮರ್ಯಾದೆಗೆ.

ಹಿಂತಿರುಗುವಾಗ ಅವನ ಹುಟ್ಟೂರು ದೇಶನೂರಿಗೆ ಹೋದೆವು. ಗದ್ದೆಯ ಪಕ್ಕದ ಕಾಲುವೆಯ ಮೇಲೆ ನಿಂತು, ಎಂದೂ ಕೇಳದವನು ಕೇಳಿದ: "ಸರ, ನಂದೊಂದು ತಗೀರಿ. ಎಲ್ಲಾರ್ದೂ ತಗದೀನಿ, ನಂದು ಒಂದೂ ಇಲ್ಲ."

ಅವನನ್ನು ಸಾವಧಾನ ನಿಲ್ಲಿಸಿದೆ. ಗಲ್ಲ ಮೇಲೆ, ಎದೆ ಮುಂದೆ ಎಂದೆ. ನಾಲ್ಕು ಸಲ ಒತ್ತಿದೆ. ನಾಲ್ಕರಲ್ಲೂ ಕಂಬದಂತೆ ನಿಂತಿದ್ದ. ಆಗ ನನಗೇ ತಿಳಿಯದೆ ನನ್ನ ಬಾಯಿಂದ ಬಂತು: "ಮುಂಜಾನಿ ಏನ್ ತಿಂದೀಯೋ ಗಾದಿಲಿಂಗಪ್ಪ?"

ಅವನು ಫಕ್ಕನೆ ನಕ್ಕ. ಹೆಗಲು ಇಳಿಯಿತು. ಬೆರಳು ಒತ್ತಿತು.

ಪರದೆಯಲ್ಲಿ ನೋಡಿದೆ. ಕುತ್ತಿಗೆಗೆ ಟೇಪು, ಕಿವಿಯ ಮೇಲೆ ಸೀಮೆಸುಣ್ಣ, ಹಿಂದೆ ಹಸಿರು. ಅವನೇ ಇದ್ದ. ನನ್ನ ಜೀವನದಲ್ಲಿ ನಾನು ತೆಗೆದ ಒಂದೇ ಒಂದು ಒಳ್ಳೆಯ ಫೋಟೋ. ಅದೂ ಅವನ ವಿದ್ಯೆಯಿಂದ.

"ಹೆಂಗ ಬಂತ್ರಿ?"

"ಅಲ್ಲಾಡೇತಿ. ಅಳಿಸಿದೆ," ಎಂದೆ.

"ಹೋಗಲಿ ಬಿಡ್ರಿ," ಎಂದ. ಪ್ರತಿ ಫೋಟೋದ ಸ್ಥಳ, ಸಮಯ, ಫಲಿತಾಂಶ ಬರೆಯುವ ರಿಜಿಸ್ಟರು ನನ್ನಲ್ಲಿದೆ. ಅಂದು ಅದರಲ್ಲೂ ಹಾಗೆಯೇ ಬರೆದೆ: ಹಾಳು, ಅಳಿಸಲಾಗಿದೆ. ಅಳಿಸಿರಲಿಲ್ಲ.

ಆಮೇಲೆ ಅವನು ಆ ಮಾತೆತ್ತಲಿಲ್ಲ. ತೀರಿಕೊಳ್ಳುವ ಹಿಂದಿನ ವಾರ ನನ್ನ ಚೀಲದ ಪಟ್ಟಿ ಸಡಿಲಾದದ್ದು ಕಂಡು, ತಾನೇ ಒಯ್ದು ಹೊಲಿದು ತಂದ. ಬಾಗಿಲಲ್ಲಿ ನಿಂತು, "ಮತ್ತೇನಾರ ಐತೇನ್ರಿ ಸರ?" ಎಂದ. "ಏನಿಲ್ಲ," ಎಂದೆ. ಅದೇ ಕೊನೆಯ ಭೇಟಿ.

ಸಂಜೆ ಐದಕ್ಕೆ ಸರಿಯಾಗಿ, ಬ್ರೂಸ್‌ಪೇಟೆಯಲ್ಲಿ ಪ್ರಿಂಟ್ ತೆಗೆಸಿ ಚೌಕಟ್ಟು ಹಾಕಿಸಿದ ಫೋಟೋ ಹಿಡಿದು ಪದ್ಮಾಳೊಂದಿಗೆ ಅಂಗಡಿಗೆ ಹೋದೆ. ಮಂಜುಳಾ ಬಹಳ ಹೊತ್ತು ನೋಡಿದಳು. ಸೆರಗಿನಿಂದ ಗಾಜು ಒರೆಸಿದಳು. ಅದರ ಮೇಲೆ ಧೂಳಿರಲಿಲ್ಲ.

"ದೇಶನೂರಾಗ ತಗದಿದ್ದಮ್ಮ," ಎಂದೆ. "ಚೊಲೋ ಬಂದಿತ್ತು. ಹಾಳಾತು ಅಂತ ನಿಮ್ಮಪ್ಪಗ ಸುಳ್ಳು ಹೇಳಿದೆ."

"ಯಾಕ್ರಿ ಸರ?"

"ಹೊಟ್ಟಿಕಿಚ್ಚು."

ಪದ್ಮಾ ನನ್ನ ಕಡೆ ತಿರುಗಿದಳು. ಮಂಜುಳಾ ಮಾತ್ರ ಬೆಚ್ಚಲಿಲ್ಲ.

"ಅಪ್ಪಗ ಗೊತ್ತಿತ್ರಿ. ಅವತ್ತ ಮನಿಗಿ ಬಂದು ಹೇಳಿದ್ರು. 'ಸರ ಇವತ್ತು ಭಾರೀ ಫೋಟೋ ಹೊಡದಾರ. ಪರದಿ ನೋಡಿದಾಗ ಅವರ ಹೆಗಲು ಇಳದ್ವು. ಯಾವಾಗರ ತಾವ ತೋರಸ್ತಾರ, ನಾ ಕೇಳಂಗಿಲ್ಲ' ಅಂತ."

ಆಗಲೂ ನನಗೆ ಹೊಟ್ಟೆಯುರಿಯಿತು. ಆವತ್ತು ಕಾಲುವೆಯ ಮೇಲೆ ಕ್ಯಾಮೆರಾ ಇದ್ದದ್ದು ನನ್ನ ಕೈಯಲ್ಲಿ. ಸರಿಯಾಗಿ ನೋಡಿದವನು ಅವನು.

ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಮೊಳೆ ಹೊಡೆದು ಫೋಟೋ ಹಾಕಿದೆ. ಮನೆಗೆ ಬಂದು ಆರೂವರೆಗೆ ರಿಜಿಸ್ಟರು ತೆಗೆದೆ. ದೇಶನೂರಿನ ಸಾಲಿನಲ್ಲಿದ್ದ ಎರಡು ಮಾತನ್ನು ಹೊಡೆದುಹಾಕಿ, 'ಚೆನ್ನಾಗಿದೆ' ಎಂದು ಬರೆದೆ. ಕೆಳಗೆ ದಿನಾಂಕ ಹಾಕಿ ಸಹಿ ಮಾಡಿದೆ. ಕ್ಯಾಮೆರಾವನ್ನು ಅವನು ಹೊಲಿದ ಚೀಲದಲ್ಲಿಟ್ಟು ಗುಂಡಿ ಹಾಕಿದೆ. ಊಟಕ್ಕೆ ಪದ್ಮಾಳ ಫೋಟೋ ಇರುವ ಗೋಡೆಯ ಕಡೆ ಮುಖ ಮಾಡಿ ಕುಳಿತೆ.