ಮಂಗೋಲರ ಅಕ್ಕಿ

ನಮ್ಮ ವಂಶದಲ್ಲಿ ಪದವಿ ಪಡೆದವಳು ನಾನೇ ಮೊದಲು. ಹೇಳಿಕೊಳ್ಳಲು ಸಂಕೋಚವಿಲ್ಲ, ಕೇಳದವರಿಗೂ ಹೇಳಿದ್ದೇನೆ. ಪದವಿಯ ಜೊತೆಗೆ ನಾನು ಗೆದ್ದ ಇನ್ನೊಂದು ಯುದ್ಧ ಹಕಾರದ್ದು. ಮಳವಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ ಹಾಲು ಆಲು, ಹೂವು ಊವು. ಕಾಲೇಜಿನಲ್ಲಿ ಯಾರೋ ನಕ್ಕ ದಿನದಿಂದ ಹಟ ಹಿಡಿದು ಹಕಾರವನ್ನು ಬಾಯಿಗೆ ಕೂರಿಸಿಕೊಂಡೆ. ಆಮೇಲೆ ಕಂಡಕಂಡವರ ಹಕಾರ ತಿದ್ದುವ ಚಟವೂ ಹತ್ತಿತು.

ಪಿಎಚ್.ಡಿ.ಗೆ ಆರಿಸಿಕೊಂಡ ವಿಷಯ ಮಂಗೋಲರ ಕಾಲದ ಕಲೆ.

“ಬಸರಾಳ ಗುಡಿ ಬುಟ್ಟು ಅಷ್ಟ್ ದೂರ ಯಾಕವ್ವ? ಬಸ್ಸಾದ್ರೂ ಓಯ್ತದಾ ಅಲ್ಲಿಗೆ?” ಎಂದು ಅಪ್ಪ ಕೇಳಿದ್ದರು.

ಮಂಗೋಲರು ಗೆದ್ದ ಕಡೆಯಿಂದೆಲ್ಲ ನೇಕಾರರನ್ನು ಎತ್ತಿ ಇನ್ನೊಂದು ಕಡೆಗೆ ಸಾಗಿಸುತ್ತಿದ್ದರು. ಹಾಗೆ ಚೀನಾದ ಉದ್ದ ಬಾಲದ ಹಕ್ಕಿಯೊಂದು ರೇಷ್ಮೆಯ ಮೇಲೆ ಕೂತು ಪರ್ಷಿಯಾದವರೆಗೆ ಹೋಗಿ, ಅಲ್ಲಿಯದೇ ಹಕ್ಕಿಯಾಗಿಬಿಟ್ಟಿತು. ಅದು ಹೇಗಾಯಿತು ಎಂಬುದೇ ನನ್ನ ಪ್ರಶ್ನೆ.

ಇದರ ಸಾರಲೇಖವನ್ನು ಮಂಡ್ಯದಲ್ಲಿ ಸಮಿತಿಯೊಂದು ಒಪ್ಪಿದರೆ ಮಾತ್ರ ನೋಂದಣಿ. ನನಗದು ಕೊನೆಯ ಅವಕಾಶ. ಮದ್ದೂರಿನ ಡಿಟಿಪಿ ಅಂಗಡಿಯವನು, ನಮ್ಮ ಹಾಗೇ ಹಕಾರ ನುಂಗುವ ಆತಗೂರು ಕಡೆಯವನು, ನನ್ನ ಕೈಬರಹ ಅರ್ಥವಾಗುವುದಿಲ್ಲ ಎಂದ. ಬಸ್ಸಿನಲ್ಲಿ ಕೂತೇ ಎಲ್ಲವನ್ನೂ ಓದಿ ವಾಟ್ಸಾಪಿನಲ್ಲಿ ದನಿ ಕಳಿಸಿದೆ. ಅವನು ಟೈಪ್ ಮಾಡಿ, ಪ್ರತಿಗಳನ್ನು ನೇರವಾಗಿ ಮಂಡ್ಯಕ್ಕೆ ಮುಟ್ಟಿಸಿದ. ನಾನು ತಿರುವಿ ನೋಡಲಿಲ್ಲ.

ಸಮಿತಿಯ ಅಧ್ಯಕ್ಷರು ಕನ್ನಡಕ ಏರಿಸಿದರು. “ಏನಮ್ಮ, ಮಂಗೋಲರು ರೇಷ್ಮೆ ಮೇಲೆ ಅಕ್ಕಿ ನೇಯ್ತಿದ್ರಾ?”

ಪುಟ ನೋಡಿದೆ. ಜೋಡಿ ಅಕ್ಕಿ. ಉದ್ದ ಬಾಲದ ಅಕ್ಕಿ. ರೆಕ್ಕೆ ಬಿಚ್ಚಿದ ಅಕ್ಕಿ.

ಗಾಬರಿಯಲ್ಲಿ ಎದ್ದು ನಿಂತೆ. “ಅದು ಅಕ್ಕಿ ಅಲ್ಲ ಸಾರ್, ಅಕ್ಕಿ!”

“ಯಾವ ಅಕ್ಕಿ?”

“ಆರೋ ಅಕ್ಕಿ ಸಾರ್!”

“ಬಿಸಿಲಿಗೆ ಹರಡಿದ್ರೆ ಎಲ್ಲಾ ಅಕ್ಕಿನೂ ಆರ್ತದಲ್ಲಮ್ಮ.”

ಕೋಣೆಯೆಲ್ಲ ನಗು. ಹತ್ತು ವರ್ಷದ ಹಕಾರ ನನ್ನನ್ನು ನಡುನೀರಿನಲ್ಲಿ ಬಿಟ್ಟು ಹೋಗಿತ್ತು. ಕೊನೆಗೆ ಎರಡೂ ಕೈ ಬಡಿದು ತೋರಿಸಿದೆ. ಸ್ನಾತಕೋತ್ತರ ಪದವೀಧರೆ, ರೇಷ್ಮೆ ಸೀರೆ, ರೆಕ್ಕೆ.

ನಗು ನಿಲ್ಲುವಷ್ಟರಲ್ಲಿ ಮಾತು ಸಿಕ್ಕಿತು. “ಚೀನಾದ ಹಕ್ಕಿಗೂ ಹೀಗೇ ಆಗಿದ್ದು ಸಾರ್. ಕಳಿಸಿದವರು ಒಂದು ಕಳಿಸಿದ್ರು, ನೇಯೋನು ತನ್ನ ಊರಲ್ಲಿ ಕಂಡಿದ್ದನ್ನ ನೇಯ್ದ.”

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. “ಇದನ್ನೇ ಬರೀಬೇಕಿತ್ತು. ತಿದ್ದಿ ತನ್ನಿ, ನೋಂದಣಿ ಮಾಡೋಣ.”

ಮದ್ದೂರಿನಲ್ಲಿ ಇಳಿದವಳೇ ಅಂಗಡಿಗೆ ನುಗ್ಗಿದೆ. “ಹಕಾರ ಎಲ್ಲಪ್ಪಾ?”

“ನೀವೇಳಿದ್ದೇ ಒಡ್ದಿವ್ನಿ ಕಣಕ್ಕ, ಬೇಕಾದ್ರೆ ಕೇಳಿ” ಎಂದು ಮೊಬೈಲು ಒತ್ತಿದ. ಬಸ್ಸಿನ ಹಾರನ್ನಿನ ನಡುವೆ ನನ್ನದೇ ದನಿ, ಸ್ಪಷ್ಟವಾಗಿ: ಜೋಡಿ ಅಕ್ಕಿ.

ಅಂಗಡಿಯಲ್ಲಿ ತಿದ್ದಲು ನನ್ನನ್ನು ಬಿಟ್ಟರೆ ಬೇರೆ ಯಾರೂ ಉಳಿದಿರಲಿಲ್ಲ.

“ಚಿಂತೆ ಬುಡಿ. ಇರೋ ಅಕ್ಕೀನೆಲ್ಲ ಒಂದೇ ಏಟ್ಗೆ ಬದ್ಲಾಯಿಸ್ತೀನಿ” ಎಂದ. ಮಾತಿನಂತೆ ಬದಲಾಯಿಸಿದ. ಸಮಿತಿಗೆ ಹೇಳಿದ ಮಾತನ್ನೂ ಬರೆದು ಸೇರಿಸಿದೆ. ನೋಂದಣಿಯಾಯಿತು.

ನನ್ನ ಪ್ರತಿ ಹಿಡಿದು ಮಳವಳ್ಳಿ ಬಸ್ಸು ಹತ್ತಿದಾಗಲೇ ಕೊನೆಯ ಪುಟ ನೋಡಿದ್ದು. ಸಾರಲೇಖಕ್ಕೆ ಕೃತಜ್ಞತೆ ಯಾರೂ ಬರೆಯುವುದಿಲ್ಲ, ನಾನು ಬರೆದಿದ್ದೆ. ಈಗ ಅಲ್ಲಿ ಇದ್ದದ್ದು: “ಹಕ್ಕಿ ಮಾರಿ ನನ್ನನ್ನು ಓದಿಸಿದ ಅಪ್ಪ ಅವ್ವನಿಗೆ.”

ಮನೆಗೆ ಬಂದು ಮುಚ್ಚಿಡುವ ಮೊದಲೇ ಅಪ್ಪ ಅದನ್ನು ಕಸಿದುಕೊಂಡರು. ಮೂರನೇ ಕ್ಲಾಸು ಓದಿದವರು. ಆ ಸಾಲಿನ ಮೇಲೆ ಬೆರಳಿಟ್ಟು ಅವ್ವನಿಗೆ ಕೇಳುವಂತೆ ಒಂದೊಂದೇ ಅಕ್ಷರ ಕೂಡಿಸಿ ಓದಿದರು.

“ಅಕ್ಕಿ... ಮಾರಿ... ನನ್ನನ್ನು... ಓದಿಸಿದ...”

ಅಲ್ಲಿಗೆ ನಿಲ್ಲಿಸಿ, ಪಂಚೆಯ ತುದಿಯಿಂದ ಮೂಗು ಒರೆಸಿಕೊಂಡರು. “ಒಂದಕ್ಸರನೂ ತಪ್ಪಿಲ್ಲ ಕಣವ್ವ.”

ನಾನು ತಿದ್ದಲಿಲ್ಲ.