ಗರೇಜಿಗೆ ಹೋದರೆ ಸರಿಯಾಗುತ್ತಿದ್ದ ಕಾರು

ಎರಡು ವರ್ಷದ ಹಿಂದೆ ಗುಂಡ್ಲುಪೇಟೆಯ ಒಂದು ಲ್ಯಾಬಿನಲ್ಲಿ ನನಗೆ ರಕ್ತ ಪರೀಕ್ಷೆ ಮಾಡುವ ಕೆಲಸ ಸಿಕ್ಕಿತು. ಮನೆ ಇರುವುದು ಚಾಮರಾಜನಗರದಲ್ಲಿ. ಬೆಳಿಗ್ಗೆ ಏಳಕ್ಕೆಲ್ಲ ಲ್ಯಾಬಿನ ಬಾಗಿಲು ತೆರೆಯಬೇಕು. ಬರೀ ಹೊಟ್ಟೆಯಲ್ಲಿ ಬಂದು ಕೂತ ಸಕ್ಕರೆ ಕಾಯಿಲೆಯವರು ಸ್ವಲ್ಪ ತಡವಾದರೂ ಮುಖ ಗಂಟಿಕ್ಕುತ್ತಾರೆ. ಆ ಹೊತ್ತಿನಲ್ಲಿ ಬಸ್ಸನ್ನು ನಂಬುವಂತಿರಲಿಲ್ಲ. ಹಾಗಾಗಿ ಹಳೆಯ ಕಾರೊಂದನ್ನು ಕೊಂಡು, ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತೆ. ಕಾರು ಇಲ್ಲದಿದ್ದರೆ ಆ ಕೆಲಸವೂ ಇಲ್ಲ. ಅಲ್ಲದೆ, ಸುಳ್ಳೇಕೆ ಹೇಳಲಿ, ಕಾರು ಓಡಿಸುವುದೆಂದರೆ ನನಗೆ ಬಹಳ ಖುಷಿ.

ನನ್ನ ಅತ್ತೆಗೆ ಮಾತ್ರ ಭಯ. ನಾನು ಹೊರಟಾಗಲೆಲ್ಲ ಕಾರು ಬೀದಿಯ ತಿರುವು ದಾಟುವವರೆಗೂ ಗೇಟಿನ ಹತ್ತಿರವೇ ನಿಂತಿರುತ್ತಿದ್ದರು. ದಾರಿಯಲ್ಲಿ ತೆರಕಣಾಂಬಿ ಹತ್ತಿರ ಲಾರಿಯೊಂದು ನನ್ನ ಕಾರಿನ ಪಕ್ಕದ ಕನ್ನಡಿಗೆ ತಾಗಿಸಿ ಹೋದ ಮೇಲೆ ಭಯ ಇನ್ನೂ ಹೆಚ್ಚಾಯಿತು. ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ತಂದು ಒಳಗಿನ ಕನ್ನಡಿಗೆ ನೇತುಹಾಕಿದರು. "ದಾರಿ ಕಾಣಲ್ಲ ಅತ್ತೆ, ಇವನ್ನೆಲ್ಲ ಕಟ್ಟಬೇಡಿ" ಎಂದು ನಾನೇ ಬಿಚ್ಚಿಹಾಕಿದೆ. ಅವರು ಅವನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದರು.

ಅದಾಗಿ ಕೆಲವು ದಿನಕ್ಕೆ ಕಾರು ಕೈಕೊಡತೊಡಗಿತು. ಚೆನ್ನಾಗಿ ಓಡುತ್ತಿದ್ದಂತೆಯೇ ಮೀಟರಿನ ಮುಳ್ಳುಗಳೆಲ್ಲ ಸೊನ್ನೆಗೆ ಬಿದ್ದು, ಅಲ್ಲಿನ ಎಚ್ಚರಿಕೆಯ ದೀಪಗಳೆಲ್ಲ ಒಟ್ಟಿಗೆ ಹತ್ತಿ, ಸ್ಟೇರಿಂಗ್ ಬಿಗಿಯಾಗುತ್ತಿತ್ತು. ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ, ಸಿಟ್ಟಿನಿಂದ ಬಾಗಿಲು ಬಡಿದು ಬಂದು ಕೂತರೆ, ತಾನಾಗಿಯೇ ಸ್ಟಾರ್ಟ್ ಆಗುತ್ತಿತ್ತು!

ನಮ್ಮೂರಿನ ಮೆಕ್ಯಾನಿಕ್ ಸ್ವಾಮಿಯ ಹತ್ತಿರ ಒಯ್ದೆ. ಸ್ಟೇರಿಂಗಿನ ಕೆಳಗೆ, ಮೊಣಕಾಲಿನ ಹತ್ತಿರ, ಎರಡು ಸಾಲು ತೂತುಗಳಿರುವ ಸಾಕೆಟ್ ಒಂದಿದೆ. ಅದಕ್ಕೆ ಸ್ಕ್ಯಾನರ್ ಸಿಕ್ಕಿಸಿದರೆ ಇಂಜಿನ್ನಿನ ಕಂಪ್ಯೂಟರ್ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದಂತೆ. ಸ್ವಾಮಿ ನೋಡಿ ತಲೆ ಕೆರೆದುಕೊಂಡ.

"ಯಾವಾಗ್ಲೋ ಕಂಪ್ಯೂಟ್ರು ಸಂಪರ್ಕ ತಪ್ಪೋಗಿತ್ತು ಅಂತ ತೋರಿಸ್ತಾ ಅದೆ ಅಕ್ಕ. ಈಗ ನೋಡುದ್ರೆ ಎಲ್ಲಾ ಸರಿಯಾಗೇ ಅದೆ. ಫ್ಯೂಸ್ ನೋಡ್ದೆ, ವೈರ್‌ನ ಇಲಿ ಕಡ್ದಿರ್ಬೋದಾ ಅಂತಾನೂ ನೋಡ್ದೆ. ಏನೂ ಇಲ್ಲ."

ಎರಡನೆಯ ಸಲ ಹೋದಾಗಲೂ ಇದೇ ಕಥೆ. ಗರೇಜಿನಲ್ಲಿ ಕಾರು ಹಸುವಿನಷ್ಟು ಸಾಧು, ರಸ್ತೆಗೆ ಬಂದರೆ ಮೊಂಡಾಟ. ಗರೇಜಿಗೆ ಹೊರಡುವ ಮೊದಲು ಅತ್ತೆ ಕಾರಿನೊಳಗೆ ಬಗ್ಗಿ ಬಟ್ಟೆಯಿಂದ ಒರೆಸಿ ಕೊಡುತ್ತಿದ್ದರು. ಪಾಪ, ಎಷ್ಟು ಕಾಳಜಿ ಎಂದುಕೊಳ್ಳುತ್ತಿದ್ದೆ.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ನನ್ನ ಗಂಡ ಮಾದೇಶ ನಕ್ಕರು. ಮೊದಮೊದಲು ಅದು ತಮಾಷೆ. ಆಮೇಲೆ, ತಪ್ಪು ನನ್ನ ಕೈಯದೇ, ಹೀಗೇ ಬಿಟ್ಟರೆ ಯಾವತ್ತೋ ಅನಾಹುತವಾಗುತ್ತದೆ ಎಂದು ಕಾರು ಮಾರಲು ಗಿರಾಕಿಯನ್ನೇ ಹುಡುಕಿದರು. ಭಾನುವಾರ ನೋಡಲು ಬರುವುದೆಂದು ನಿಶ್ಚಯವಾಯಿತು. ನನಗೆ ಅಳು ಬಂದಿತ್ತು. ಸ್ವಾಮಿ ಮಾತ್ರ, "ಇನ್ನೊಂದ್ಸಲ ನಿಂತ್ರೆ ಏನೂ ಮುಟ್ಬೇಡಿ ಅಕ್ಕ, ನಿಂತ ಜಾಗಕ್ಕೇ ನಾನು ಬತ್ತೀನಿ" ಎಂದಿದ್ದ.

ಅದೇ ಶುಕ್ರವಾರ ಅತ್ತೆ ಗುಂಡ್ಲುಪೇಟೆ ಹತ್ತಿರದ ಭೀಮನಬೀಡಿನಲ್ಲಿರುವ ತಂಗಿಯ ಮನೆಗೆಂದು ನನ್ನ ಜೊತೆ ಹೊರಟರು. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರು ನಿಂತಿತು. ಲ್ಯಾಬಿಗೆ ಫೋನ್ ಮಾಡಿ, ರಕ್ತ ತೆಗೆದಿಡಲು ಜೊತೆಯವಳಿಗೆ ಹೇಳಿ, ಸ್ವಾಮಿಯನ್ನು ಕರೆದೆ. ಅವನು ಸ್ಕೂಟರಿನಲ್ಲಿ ಬಂದು, ಸ್ಕ್ಯಾನರ್ ಹಿಡಿದು ಸ್ಟೇರಿಂಗಿನ ಕೆಳಗೆ ಬಗ್ಗಿದ.

"ತಡಿ ಕಣಪ್ಪ, ಮುಟ್ಬ್ಯಾಡ!" ಹಿಂದಿನ ಸೀಟಿನಿಂದ ಅತ್ತೆ ಕೂಗಿದರು.

ನಾವಿಬ್ಬರೂ ಬೆಚ್ಚಿಬಿದ್ದೆವು. ಅತ್ತೆ ಇಳಿದು ಬಂದು, ಅವನನ್ನು ಸರಿಸಿ, ಆ ಸಾಕೆಟ್ಟಿನಿಂದ ಏನನ್ನೋ ಕಿತ್ತುಕೊಂಡರು. ಕೆಂಪು ಬಟ್ಟೆಯ ಪುಟ್ಟ ಗಂಟು. ಅದನ್ನು ಕಪ್ಪು ಹೇರ್‌ಪಿನ್ನಿಗೆ ಕಟ್ಟಿ, ಪಿನ್ನಿನ ಎರಡು ಕಾಲನ್ನೂ ಮೇಲೊಂದು ಕೆಳಗೊಂದು ತೂತಿಗೆ ಚುಚ್ಚಿದ್ದರು.

"ಮಾದಪ್ಪನ ಬೆಟ್ಟದಿಂದ ತಂದ ಇಬೂತಿ. ಕಣ್ಣಿಗೆ ಬಿದ್ರೆ ಇವಳು ಬಿಚ್ಚಾಕ್ತಾಳೆ ಅಂತ ಇಲ್ಲಿಟ್ಟಿದ್ದೆ. ಎಣ್ಣೆ ಕೈಲಿ ಮುಟ್ಬಾರ್ದು."

ಸ್ವಾಮಿ ಪಿನ್ನನ್ನೂ ಸಾಕೆಟ್ಟನ್ನೂ ಬದಲಿಸಿ ಬದಲಿಸಿ ನೋಡಿದ. "ಅಜ್ಜಿ, ಗರೇಜಿಗೆ ಬರುವಾಗ ಇದ್ನ ಏನ್ಮಾಡ್ತಿದ್ರಿ?"

"ತೆಗ್ದು ದೇವ್ರ ಮನೇಲಿ ಇಡ್ತಿದ್ದೆ. ಅಲ್ಲಿ ಯಾರ್ಯಾರೋ ಮುಟ್ತಾರಲ್ಲ."

ಅವನು ರಸ್ತೆಯ ಬದಿಯಲ್ಲೇ ಕೂತು ನಗತೊಡಗಿದ. ಕಾರಿನ ಕಂಪ್ಯೂಟರುಗಳು ಒಂದಕ್ಕೊಂದು ಸುದ್ದಿ ಕಳಿಸುವ ಎರಡು ತಂತಿ ಬಂದು ಸೇರುವುದು ಸರಿಯಾಗಿ ಆ ಎರಡು ತೂತುಗಳಿಗೇ. ಕಬ್ಬಿಣದ ಪಿನ್ನು ಅವೆರಡನ್ನೂ ಕೂಡಿಸಿಬಿಡುತ್ತಿತ್ತು. ಪಿನ್ನಿಗೆ ಕಪ್ಪು ಬಣ್ಣ ಬಳಿದಿದ್ದರಿಂದ ಯಾವಾಗಲೂ ತಾಗುತ್ತಿರಲಿಲ್ಲ. ರಸ್ತೆಯ ಗುಂಡಿಗೆ ಬಿದ್ದು ಕಾರು ಕುಲುಕಿದಾಗ ತಾಗುವುದು, ಬಾಗಿಲು ಬಡಿದಾಗ ಬಿಡುವುದು. ಸ್ಕ್ಯಾನರ್ ಸಿಕ್ಕಿಸಿದ, ತಕ್ಷಣ ಸಂಪರ್ಕ ಸಿಕ್ಕಿತು. ಕೀ ತಿರುಗಿಸಿದೆ, ಕಾರು ಸ್ಟಾರ್ಟ್ ಆಯಿತು.

ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು. "ನಾನು ಎಷ್ಟು ಮಾತು ಕೇಳಿದೆ ಗೊತ್ತಾ ಅತ್ತೆ? ಪದೇಪದೇ ನಿಲ್ಲುತ್ತಲ್ಲ, ಒಂದು ಸಲಾನೂ ಅನುಮಾನ ಬರಲಿಲ್ವಾ?"

"ನಿಂತ್ರೂ ನೀನು ಸುಕವಾಗಿ ಮನೆಗೆ ಬತ್ತಿದ್ದೆಯಲ್ಲವ್ವ" ಎಂದರು ಮೆಲ್ಲಗೆ. "ಮುಂದೇನೋ ಗಂಡಾಂತರ ಇತ್ತು, ಮಾದಪ್ಪನೇ ಗಾಡಿ ನಿಲ್ಲಿಸ್ಬುಟ್ಟ ಅಂದ್ಕತಿದ್ದೆ."

ಗುಂಡ್ಲುಪೇಟೆಯಲ್ಲಿ ಅವರನ್ನು ಭೀಮನಬೀಡಿನ ಬಸ್ಸಿಗೆ ಹತ್ತಿಸಿ ನಾನು ಲ್ಯಾಬಿಗೆ ಹೋದೆ.

ಸಂಜೆ ಅವರನ್ನು ಕರೆದುಕೊಂಡು ಮರಳುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ನಿಜ ಹೇಳಿದರೆ ನೆಂಟರಿಷ್ಟರೆಲ್ಲ ಈ ಮುದುಕಿಯನ್ನು ಆಡಿಕೊಳ್ಳುತ್ತಾರೆ. ಹೇಳದಿದ್ದರೆ ಕಾರು ಹೋಗುತ್ತದೆ. ಮನೆಗೆ ಬಂದು ನಾನಿನ್ನೂ ಚಪ್ಪಲಿ ಬಿಡುತ್ತಿದ್ದೆ. ಅತ್ತೆ ಕೈಯಲ್ಲಿದ್ದ ಚೀಲವನ್ನೂ ಇಳಿಸದೆ ಬಾಗಿಲಲ್ಲೇ ನಿಂತು ಹೇಳಿದರು:

"ಮಾದೇಶ, ಗಾಡಿ ಕೆಟ್ಟಿದ್ದು ನನ್ನಿಂದ ಕಣ್ಲಾ. ಇವಳ ಕೈಲೇನೂ ತಪ್ಪಿಲ್ಲ. ಅವನ್ಯಾರೋ ಕೊಳ್ಳಾಕ್ ಬರ್ತಾನಲ್ಲ, ಬರ್ಬ್ಯಾಡ ಅನ್ನು."

ವಿಷಯವೆಲ್ಲ ತಿಳಿದ ಮೇಲೆ ಇವರು ನನ್ನ ಮುಖ ನೋಡಲಾಗದೆ ಫೋನ್ ಹಿಡಿದು ಹೊರಗೆ ಹೋದರು. ಮಾರಾಟ ನಿಂತಿತು.

ಮರುದಿನ ಬೆಳಿಗ್ಗೆ ಅತ್ತೆ ತಿಂಡಿಯ ಡಬ್ಬಿ ಕೊಟ್ಟು ಕಾರಿನಿಂದ ದೂರವೇ ನಿಂತರು.

"ಗಂಟೆಲ್ಲಿ ಅತ್ತೆ?"

"ಬ್ಯಾಡ ಬುಡವ್ವ, ಮತ್ತೆ ನಿಂತೋದ್ರೆ?"

ನಾನೇ ದೇವರ ಮನೆಗೆ ಹೋಗಿ ಗಂಟನ್ನು ತಂದೆ. ಹೇರ್‌ಪಿನ್ ತೆಗೆದು, ಅವರೆದುರೇ ಕಾರಿನ ಕೀಗೊಂಚಲಿಗೆ ಕಟ್ಟಿಕೊಂಡೆ. ಈಗಲೂ ಅದು ಅಲ್ಲೇ ಇದೆ. ನನಗೇನೂ ಹೊಸದಾಗಿ ನಂಬಿಕೆ ಬಂದಿಲ್ಲ. ಆದರೆ ಅತ್ತೆ ದಿನಾ ಕಿಟಕಿಯಲ್ಲಿ ಬಗ್ಗಿ, ಗಂಟು ಕೀಯಲ್ಲಿ ತೂಗುತ್ತಿರುವುದನ್ನು ಒಮ್ಮೆ ನೋಡುತ್ತಾರೆ. ಆಮೇಲೆ ನಾನು ತಿರುವು ದಾಟುವವರೆಗೆ ಕಾಯದೆ ತಮ್ಮ ಕೆಲಸಕ್ಕೆ ಒಳಗೆ ಹೋಗುತ್ತಾರೆ.